ರಾತ್ರಿ ಇದ್ದ ಧ್ವನಿ ಬೆಳಿಗ್ಗೆ ಇಲ್ಲ: ಏನು ಕಾರಣ, ಏನು ಚಿಕಿತ್ಸೆ?

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಎರಡು ದಿನ ನೆಗಡಿ, ಕೆಮ್ಮು ಇತ್ತು. ಆದರೂ ತರಗತಿ ತೆಗೆದುಕೊಂಡೆ. ಈ ದಿನ ಬೆಳಿಗ್ಗೆ ಎದ್ದಾಗ ಧ್ವನಿ ಪೂರ್ತಿ ಬಿದ್ದುಹೋಗಿದೆ, ಪಿಸುಮಾತು ಮಾತ್ರ ಹೊರಡುತ್ತಿದೆ. ಆಂಟಿಬಯೋಟಿಕ್ ತೆಗೆದುಕೊಂಡರೆ ಬೇಗ ಸರಿಹೋಗುವುದೇ?

ಉತ್ತರ: ನೀವು ಹೇಳಿರುವ ಲಕ್ಷಣಗಳು ಧ್ವನಿಪೆಟ್ಟಿಗೆಯ ಉರಿಯೂತವನ್ನು ಸೂಚಿಸುತ್ತವೆ. ವೈದ್ಯರು ಇದನ್ನು ಲ್ಯಾರಿಂಜೈಟಿಸ್ ಎನ್ನುತ್ತಾರೆ. ಇದು ಬಹುಪಾಲು ವೈರಸ್‌ನಿಂದ ಬರುವುದರಿಂದ ಆಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಧ್ವನಿ ತಾನಾಗಿಯೇ ಮರಳುತ್ತದೆ.

ನಮ್ಮ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿ ತಂತುಗಳಿವೆ. ಮಾತನಾಡುವಾಗ ಅವು ಒಂದಕ್ಕೊಂದು ಹತ್ತಿರ ಬಂದು, ಶ್ವಾಸಕೋಶದಿಂದ ಮೇಲೇರುವ ಗಾಳಿಗೆ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ನೆಗಡಿಯಿಂದ ಊದಿಕೊಂಡ ತಂತುಗಳು ಭಾರವಾಗಿ, ಅಂಚು ಕೂಡದೆ, ಕಂಪಿಸುವುದನ್ನೇ ನಿಲ್ಲಿಸುತ್ತವೆ. ಆಗ ಗಾಳಿ ಮಾತ್ರ ಹೊರಬರುತ್ತದೆ. ಇಂಥ ಸ್ಥಿತಿಯಲ್ಲಿ ನಲವತ್ತು ಮಕ್ಕಳಿಗೆ ಕೇಳಿಸುವಂತೆ ಪಾಠ ಮಾಡುವುದೆಂದರೆ, ಉಳುಕಿದ ಕಾಲಿನಲ್ಲಿ ಓಡಿದಂತೆ.

ಆದ್ದರಿಂದ ಮೊದಲ ಚಿಕಿತ್ಸೆ ಮೌನ. ಎರಡು ಮೂರು ದಿನ ರಜೆ ಹಾಕಿ, ತೀರ ಅಗತ್ಯವಿದ್ದುದನ್ನು ಬರೆದು ತೋರಿಸಿ. ಒತ್ತಿ ಒತ್ತಿ ಪಿಸುಗುಟ್ಟುವುದರಿಂದ ಗಂಟಲಿನ ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ. ಪದೇ ಪದೇ ಕ್ಯಾಕರಿಸಿ ಗಂಟಲು ಸರಿಪಡಿಸಿಕೊಳ್ಳುವುದರಿಂದ ತಂತುಗಳು ಒಂದಕ್ಕೊಂದು ಬಡಿಯುತ್ತವೆ. ಎರಡನ್ನೂ ಬಿಡಿ. ನೀರು ಧಾರಾಳವಾಗಿ ಕುಡಿಯಿರಿ. ಮನೆಮದ್ದಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು: ಕಾಳುಮೆಣಸಿನ ಕಷಾಯವಾಗಲಿ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದಾಗಲಿ ಗಂಟಲಿಗೆ ಹಿತ ನೀಡುತ್ತವೆ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಶ್ವಾಸದ ದಾರಿಯಲ್ಲಿರುವ ತಂತುಗಳನ್ನು ಮುಟ್ಟುವುದಿಲ್ಲ. ಅಲ್ಲಿಗೆ ತಲುಪುವುದು ಉಸಿರಿನೊಂದಿಗೆ ಹೋಗುವ ತೇವಾಂಶ. ಹಬೆ ಹಿತವೆನಿಸುವುದು ಅದಕ್ಕಾಗಿಯೇ. ಕುದಿಯುವ ನೀರಿನ ಪಾತ್ರೆ ಮಗುಚಿ ಸುಟ್ಟುಕೊಳ್ಳದಂತೆ ಎಚ್ಚರವಿರಲಿ. ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರುತ್ತದೆ ಎಂಬುದನ್ನು ಬಿಪಿ ಇರುವವರು ನೆನಪಿಡಬೇಕು.

ಧ್ವನಿ ಯಾವ ಸಂದರ್ಭದಲ್ಲಿ ಹೋಯಿತು ಎಂಬುದನ್ನು ವೈದ್ಯರು ಮುಖ್ಯವಾಗಿ ಕೇಳುತ್ತಾರೆ, ಏಕೆಂದರೆ ಎಲ್ಲ ಧ್ವನಿನಷ್ಟವೂ ನೆಗಡಿಯದ್ದಲ್ಲ. ಯಕ್ಷಗಾನದ ಭಾಗವತರೊಬ್ಬರು ಏರುಶ್ರುತಿಯಲ್ಲಿ ಹಾಡುತ್ತಿರುವಾಗಲೇ, ಅಥವಾ ಯಾರಾದರೂ ಜೋರಾಗಿ ಕೂಗಿದ ಕ್ಷಣದಲ್ಲೇ ಧ್ವನಿ ಕಡಿದುಹೋದರೆ, ತಂತುವಿನೊಳಗಿನ ಸಣ್ಣ ರಕ್ತನಾಳ ಒಡೆದಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಇಲ್ಲಿ ಸಂಪೂರ್ಣ ಮೌನವೇ ಬೇಕು. ಆ ರಾತ್ರಿಯ ಆಟ ಹೇಗಾದರೂ ಮುಗಿಯಲಿ ಎಂದು, ಗಂಟಲನ್ನು ಪರೀಕ್ಷಿಸದೆಯೇ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡು ಹಾಡಲು ಕೂರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಒಂದು ರಾತ್ರಿಗಾಗಿ ಧ್ವನಿಗೆ ಶಾಶ್ವತ ಕಲೆ ಉಳಿಯಬಹುದು.

ಇನ್ನೊಂದು ಕಾರಣ, ತಂತುವನ್ನು ಆಡಿಸುವ ನರದ ದೌರ್ಬಲ್ಯ. ಎಡಭಾಗದ ನರ ಎದೆಯೊಳಗೆ ಇಳಿದು, ಮಹಾಪಧಮನಿಯ ಕಮಾನನ್ನು ಬಳಸಿ ಮತ್ತೆ ಮೇಲೇರಿ ಧ್ವನಿಪೆಟ್ಟಿಗೆ ಸೇರುತ್ತದೆ. ಹೀಗಾಗಿ ಶ್ವಾಸಕೋಶದ ಗೆಡ್ಡೆಯೂ ಮೊದಲು ಧ್ವನಿಯಲ್ಲೇ ಕಾಣಿಸಿಕೊಳ್ಳಬಹುದು. ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರವೂ ಈ ನರಕ್ಕೆ ಪೆಟ್ಟಾಗಿರಬಹುದು.

ಧ್ವನಿ ನಾಲ್ಕು ವಾರವಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಲ್ಲಿ ಲ್ಯಾರಿಂಗೋಸ್ಕೋಪಿ, ಅಂದರೆ ಧ್ವನಿಪೆಟ್ಟಿಗೆಯೊಳಗೆ ನೋಡುವ ಪರೀಕ್ಷೆ, ಮಾಡಿಸಬೇಕು. ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸವಿರುವವರು, ಕುತ್ತಿಗೆಯಲ್ಲಿ ಗಂಟು ಕಂಡವರು ಮತ್ತು ಕಫದಲ್ಲಿ ರಕ್ತ ಕಂಡವರು ಅಷ್ಟು ದಿನ ಕಾಯಬಾರದು. ಉಸಿರಾಡುವಾಗ ಕೀರಲು ಸದ್ದು ಬಂದರೆ, ಎಂಜಲನ್ನೂ ನುಂಗಲಾಗದಿದ್ದರೆ, ಬಾಯಿ ಸೊಟ್ಟಗಾಗಿ ಕೈಕಾಲು ಸೋತರೆ ಅದೇ ಕ್ಷಣ ಆಸ್ಪತ್ರೆಗೆ ಹೊರಡಿ.

ಕೆಲವರಲ್ಲಿ ತಂತುಗಳು ಆರೋಗ್ಯವಾಗಿದ್ದರೂ ಧ್ವನಿ ಹೋಗಿರುತ್ತದೆ. ತೀವ್ರ ದುಃಖ ಅಥವಾ ಆಘಾತದ ನಂತರ ಹೀಗಾಗುವುದುಂಟು. ಇವರ ಕೆಮ್ಮಿನಲ್ಲಿ, ನಗುವಿನಲ್ಲಿ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದೆ. ಮನೆಯವರು ಇದನ್ನು ನಾಟಕವೆಂದು ಗದರುವುದು ಅನ್ಯಾಯ. ಅವರು ಬೇಕೆಂದು ಮಾಡುತ್ತಿಲ್ಲ. ವಾಕ್ ತಜ್ಞರು ಆ ಕೆಮ್ಮಿನ ಧ್ವನಿಯನ್ನೇ ಹಿಡಿದು ಹ್ಞೂಂಕಾರಕ್ಕೆ, ಅಲ್ಲಿಂದ ಪದಕ್ಕೆ ತರುತ್ತಾರೆ, ಮತ್ತು ಹಲವರಲ್ಲಿ ಕೆಲವೇ ಭೇಟಿಗಳಲ್ಲಿ ಮಾತು ಮರಳುತ್ತದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ತೊಂದರೆಗಳಿಗೆ ಇಂಥ ಚಿಕಿತ್ಸೆ ಲಭ್ಯವಿದೆ.

ನಿಮ್ಮ ಧ್ವನಿ ಮರಳಿದ ಮೇಲೆ ಮೊದಲ ವಾರ ಕಡಿಮೆ ತರಗತಿ ಕೇಳಿಕೊಳ್ಳಿ. ಸಾಧ್ಯವಾದರೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ಬಳಸಿ.