ಸ್ಕಿನ್ ಮಾತ್ರ ಮಾರ್ತೀವಿ ಅಂದ್ರೆ ಸಾಕಾ?

ಫೋನಿನಲ್ಲಿ ಫ್ರೀ ಫೈರ್ ಅನ್ನೋ ಬಂದೂಕಿನ ಗೇಮ್ (ಈಗ ಇಲ್ಲಿ ಸಿಗುವುದು ಅದರ ಮ್ಯಾಕ್ಸ್ ರೂಪ) ಆಡುವ ಹುಡುಗರು ತಮ್ಮತಮ್ಮಲ್ಲೇ ಆಡಲು ಕಸ್ಟಮ್ ರೂಮ್ ಮಾಡಿದರೆ ಒಂದು ಮಾತು ಬಂದೇ ಬರುತ್ತದೆ: "ಗನ್ ಪ್ರಾಪರ್ಟಿ ಆನಾ, ಆಫಾ?" ಆ ಗೇಮ್‌ನಲ್ಲಿ ಬಂದೂಕಿನ ಸ್ಕಿನ್, ಅಂದರೆ ಅದರ ಹೊರವೇಷ, ಬರೀ ಬಣ್ಣ ಬದಲಿಸುವುದಿಲ್ಲ. ಒಂದು ಸ್ಕಿನ್‌ಗೆ ಡ್ಯಾಮೇಜ್ ಜಾಸ್ತಿ, ಇನ್ನೊಂದಕ್ಕೆ ಗುಂಡು ಹಾರುವ ವೇಗ ಜಾಸ್ತಿ, ಅದಕ್ಕೆ ಸರಿದೂಗಿಸಲು ಇನ್ನೆಲ್ಲೋ ಒಂಚೂರು ಕಡಿತ. ದುಡ್ಡು ಕೊಟ್ಟು ಡೈಮಂಡ್ (ಗೇಮ್ ಒಳಗಿನ ನಾಣ್ಯ) ಟಾಪ್-ಅಪ್ ಮಾಡಿದವನ ಬಂದೂಕು ಬೇರೆ, ಮಾಡದವನದು ಬೇರೆ. ಯಾರ ಕೈ ಚೆನ್ನಾಗಿದೆ ಅಂತ ನಿಜವಾಗಿ ತೀರ್ಮಾನ ಆಗಬೇಕಾದರೆ ಪ್ರಾಪರ್ಟಿ ಆಫ್ ಮಾಡಿಯೇ ಆಡಬೇಕು. ಪಬ್ಜಿ ಮೊಬೈಲ್ ಆಡುತ್ತಿದ್ದವರು, ಈಗ ಅದರ ಭಾರತದ ಆವೃತ್ತಿಯಾದ ಬಿಜಿಎಂಐ ಆಡುವವರು, ಇದೇ ವಿಷಯ ಹಿಡಿದು ಕಿಚಾಯಿಸುತ್ತಾರೆ. ನಮ್ಮಲ್ಲಿ ಯುಸಿ ಅನ್ನೋ ನಾಣ್ಯ ಸುರಿದು ಎಷ್ಟೇ ದುಬಾರಿ ಸ್ಕಿನ್ ತಗೊಂಡರೂ ಗುಂಡಿನ ಪೆಟ್ಟು ಒಂದೇ, ನಿಮ್ಮದು ಪೇ ಟು ವಿನ್, ದುಡ್ಡು ಕೊಟ್ಟು ಗೆಲ್ಲೋ ಆಟ ಅಂತ.

ಅವರ ಮಾತು ಸರಿ. ಆದರೆ ಅರ್ಧ ಮಾತ್ರ ಸರಿ. ವೇಷ ಮಾರಬಹುದು, ಗೆಲುವು ಮಾರಬಾರದು ಅನ್ನೋ ಈ ಗೆರೆಯನ್ನು ಯಾರು ಎಳೆದರು, ಯಾವಾಗ ಎಳೆದರು, ಎಳೆದ ಮೇಲೂ ಏನು ಉಳಿಯಿತು ಅಂತ ನೋಡಿದರೆ ಉಳಿದರ್ಧ ಕಾಣುತ್ತದೆ.

ಶುರುವಿನಲ್ಲಿ ಮಾರಾಟ ಮಾಡಿದ್ದು ಕಂಪನಿಗಳಲ್ಲ, ಆಟಗಾರರೇ. 1997ರಲ್ಲಿ ಅಲ್ಟಿಮಾ ಆನ್‌ಲೈನ್, 1999ರಲ್ಲಿ ಎವರ್‌ಕ್ವೆಸ್ಟ್ ಬಂತು. ಎರಡಕ್ಕೂ ತಿಂಗಳು ತಿಂಗಳು ಶುಲ್ಕ ಕಟ್ಟಬೇಕಿತ್ತು, ಗೇಮ್ ಒಳಗೆ ಮಾತ್ರ ಎಲ್ಲರೂ ಸಮ ಅನ್ನೋ ಲೆಕ್ಕ. ಒಳ್ಳೆಯ ಕತ್ತಿಯೋ ಕವಚವೋ ಬೇಕಿದ್ದರೆ ವಾರಗಟ್ಟಲೆ ಕೂತು ಆಡಬೇಕಿತ್ತು. ಅಷ್ಟು ಹೊತ್ತು ಇಲ್ಲದ, ಆದರೆ ದುಡ್ಡಿದ್ದ ಜನ ಇಬೇ ಅನ್ನೋ ಆನ್‌ಲೈನ್ ಹರಾಜು ತಾಣದಲ್ಲಿ ಬೇರೆಯವರ ಕತ್ತಿ, ನಾಣ್ಯ, ಕಡೆಗೆ ಇಡೀ ಅಕೌಂಟನ್ನೇ ಕೊಳ್ಳತೊಡಗಿದರು. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞ ಈ ಮಾರಾಟದ ಬೆಲೆಗಳನ್ನಿಟ್ಟುಕೊಂಡು ಎವರ್‌ಕ್ವೆಸ್ಟಿನ ಕಾಲ್ಪನಿಕ ಲೋಕದ ತಲಾ ಉತ್ಪನ್ನ ಎಷ್ಟಿರಬಹುದು ಅಂತ ಲೆಕ್ಕ ಹಾಕಿದರು. ಅದು ರಷ್ಯಾ ಮತ್ತು ಬಲ್ಗೇರಿಯಾದ ಮಧ್ಯೆ ಎಲ್ಲೋ ಬಂತು! ಅಷ್ಟು ದುಡ್ಡು ಓಡಾಡುವ ಕಡೆ ದಂಧೆ ಹುಟ್ಟದೆ ಇರುತ್ತದಾ? ಚೀನಾದಲ್ಲಿ ಹುಡುಗರನ್ನು ಪಾಳಿಯ ಮೇಲೆ ಕೂರಿಸಿ, ಗೇಮ್ ಒಳಗಿನ ಚಿನ್ನ ಸಂಪಾದಿಸಿ, ಅಮೆರಿಕ ಯುರೋಪಿನವರಿಗೆ ಮಾರುವ ಅಂಗಡಿಗಳೇ ಎದ್ದವು.

ಇದು ಮೋಸ ಅಂತ ಆಗ ಕಂಪನಿಗಳೇ ಹೇಳುತ್ತಿದ್ದವು. ಅಕೌಂಟ್ ಬ್ಯಾನ್ ಮಾಡಿದವು. 2007ರಲ್ಲಿ ಇಬೇ ಕೂಡ ಇಂಥ ವಸ್ತುಗಳ ಹರಾಜು ನಿಲ್ಲಿಸಿತು. ಆದರೆ ಅಷ್ಟರಲ್ಲಿ ಎವರ್‌ಕ್ವೆಸ್ಟ್ ನಡೆಸುತ್ತಿದ್ದ ಸೋನಿ ಕಂಪನಿಯೇ 2005ರಲ್ಲಿ ಎವರ್‌ಕ್ವೆಸ್ಟ್ 2ರ ಕೆಲವು ಸರ್ವರ್‌ಗಳನ್ನು ಬೇರೆ ಮಾಡಿ, ಅಲ್ಲಿ ಆಟಗಾರರು ನಿಜವಾದ ದುಡ್ಡಿಗೆ ವಸ್ತು ಮಾರಿಕೊಳ್ಳಬಹುದು ಅಂತ ಅನುಮತಿ ಕೊಟ್ಟು, ಮಧ್ಯದಲ್ಲಿ ತನ್ನ ಪಾಲು ತಗೊಳ್ಳಲು ಶುರು ಮಾಡಿತ್ತು.

ಕೊರಿಯಾದ ದಾರಿ ಬೇರೆ. ಅಲ್ಲಿ ಹುಡುಗರು ಆಡುತ್ತಿದ್ದದ್ದು ಪಿಸಿ ಬಾಂಗ್ ಅನ್ನೋ ಗೇಮಿಂಗ್ ಅಂಗಡಿಗಳಲ್ಲಿ, ಗಂಟೆಗೆ ಇಷ್ಟು ಅಂತ ಕೊಟ್ಟು. ಡಬ್ಬಿಯಲ್ಲಿಟ್ಟು ಗೇಮ್ ಮಾರಿದರೆ ಕಳ್ಳಪ್ರತಿ ಆಗುತ್ತಿತ್ತು. ಹಾಗಾಗಿ ನೆಕ್ಸಾನ್‌ನಂಥ ಕಂಪನಿಗಳು 2000ರ ದಶಕದ ಆರಂಭದಲ್ಲಿ ಆಟ ಫ್ರೀ, ಒಳಗಿನ ಸಾಮಾನಿಗೆ ದುಡ್ಡು ಅನ್ನೋ ಪದ್ಧತಿ ತಂದವು. 2003ರ ಮೇಪಲ್‌ಸ್ಟೋರಿಯಲ್ಲಿ ಬಟ್ಟೆ, ಕೂದಲು, ಸಾಕುಪ್ರಾಣಿ ಎಲ್ಲ ಮಾರಾಟಕ್ಕಿತ್ತು. ಜಪಾನಿನ ಮೇಪಲ್‌ಸ್ಟೋರಿಗೆ 2004ರಲ್ಲಿ ಗಾಚಾಪಾನ್ ಟಿಕೆಟ್ ಬಂತು. ದುಡ್ಡು ಹಾಕು, ಏನು ಸಿಗುತ್ತೋ ಅದೃಷ್ಟ. ಏನು ಬರುತ್ತೆ ಅಂತ ಗೊತ್ತಿಲ್ಲದೆ ತೆರೆಯುವ ಇವತ್ತಿನ ಲೂಟ್ ಬಾಕ್ಸಿನ ಅಜ್ಜ ಅದೇ.

ಅಮೆರಿಕದವರಿಗೆ ಇದೆಲ್ಲ ಹೊಸದು. 2006ರಲ್ಲಿ ಆಬ್ಲಿವಿಯನ್ ಗೇಮ್‌ನ ಕುದುರೆಗೆ ಒಂದು ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನ ವರ್ಷಗಟ್ಟಲೆ ಆಡಿಕೊಂಡರು. ಅದು ಒಬ್ಬರೇ ಕೂತು ಆಡುವ ಗೇಮ್, ಯಾರಿಗೂ ಅನ್ಯಾಯ ಆಗಿರಲಿಲ್ಲ. ಆದರೂ ಸಿಟ್ಟು ಬಂತು. 60 ಡಾಲರ್ ಕೊಟ್ಟು ಗೇಮ್ ತಗೊಂಡ ಮೇಲೆ ಮತ್ತೆ ಯಾಕೆ ಕೈ ಚಾಚ್ತೀರಿ ಅನ್ನೋದು ಅವರ ತಕರಾರು. ಈ ತಕರಾರೇ ಬೇರೆ, ಗೆಲುವು ಮಾರಬೇಡಿ ಅನ್ನೋ ತಕರಾರೇ ಬೇರೆ. ಮುಂದಿನ ಹತ್ತು ವರ್ಷ ಇವೆರಡನ್ನೂ ಕಲಸಿಯೇ ಜಗಳ ನಡೆಯಿತು.

ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟ್ ತಂದವನನ್ನು ಮೊದಲ ಬಾಲಿಗೆ ಔಟ್ ಕೊಡದೆ ಬಿಡುತ್ತಿದ್ದೆವಲ್ಲ, ಪೇ ಟು ವಿನ್ ಹೆಚ್ಚು ಕಡಿಮೆ ಅದೇ. ಆದರೆ ಗಲ್ಲಿಯಲ್ಲಿ ಆ ರಿಯಾಯಿತಿ ಕೊಟ್ಟವರು ನಾವು. ಗೇಮ್‌ನಲ್ಲಿ ಎದುರಾಳಿಯನ್ನು ಯಾರೂ ಕೇಳುವುದಿಲ್ಲ. ಅವನು ಸೋಲುತ್ತಾನೆ, ಯಾಕೆ ಸೋತೆ ಅಂತಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಈ ಸಿಟ್ಟು ಗಟ್ಟಿಯಾಗಿ ಹೊರಬಂದಿದ್ದು 2011ರ ಜೂನ್‌ನಲ್ಲಿ, ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ಈವ್ ಆನ್‌ಲೈನ್‌ನಲ್ಲಿ. ಅಂತರಿಕ್ಷದ ಗೇಮ್ ಅದು, ಒಂದು ಹಡಗು ಕಳೆದುಕೊಂಡರೆ ನಿಜಕ್ಕೂ ಹೊಟ್ಟೆ ಉರಿಯುವಂಥದ್ದು. ಕಂಪನಿ ಹೊಸದಾಗಿ ಅಂಗಡಿ ತೆರೆದು ಪಾತ್ರಗಳಿಗೆ ಬಟ್ಟೆಬರೆ ಮಾರಲು ಹೊರಟಿತು. ಅದರಲ್ಲಿ ಒಂದು ಒಕ್ಕಣ್ಣಿನ ಕನ್ನಡಕ ಇತ್ತು, ಬೆಲೆ 60 ಡಾಲರಿಗೂ ಜಾಸ್ತಿ. ನಿಜವಾಗಿ ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕವೇ ಅದಕ್ಕಿಂತ ಅಗ್ಗಕ್ಕೆ ಸಿಗುತ್ತದಲ್ಲ ಅಂತ ಜನ ಕೆರಳಿದರು. ಅದೇ ವಾರ ಕಂಪನಿಯ ಒಳಗಿನ ಒಂದು ಪತ್ರಿಕೆ ಸೋರಿಕೆ ಆಯಿತು. ಮುಂದೆ ಹಡಗು, ಮದ್ದುಗುಂಡುಗಳನ್ನೂ ಹಣಕ್ಕೆ ಮಾರಿದರೆ ಹೇಗೆ ಅನ್ನೋ ಚರ್ಚೆ ಅದರಲ್ಲಿತ್ತು. ಸಾವಿರಾರು ಆಟಗಾರರು ಗೇಮ್ ಒಳಗಿನ ಜೀಟಾ ಎಂಬ ವ್ಯಾಪಾರ ಕೇಂದ್ರದಲ್ಲಿ ಹಡಗುಗಳೊಂದಿಗೆ ಸೇರಿ ಅಲ್ಲಿದ್ದ ಸ್ಮಾರಕಕ್ಕೆ ಗುಂಡಿನ ಮಳೆ ಸುರಿಸಿದರು. ಸ್ಮಾರಕ ಒಡೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಕಡೆಗೆ ಕಂಪನಿ ಆಟಗಾರರು ಆರಿಸಿದ ಪ್ರತಿನಿಧಿಗಳನ್ನು ರೇಕ್ಯಾವಿಕ್‌ಗೆ ಕರೆಸಿ ಮಾತಾಡಿ, ಆಟದ ಬಲಾಬಲ ಬದಲಿಸುವ ವಸ್ತು ಮಾರುವ ಯೋಚನೆ ಇಲ್ಲ ಅಂತ ಹೇಳಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಖ್ಯಸ್ಥರು ಕ್ಷಮೆ ಕೇಳಿದರು. ಆಮೇಲೆ ಸುಮಾರು ಐದರಲ್ಲಿ ಒಂದು ಪಾಲು ಉದ್ಯೋಗಿಗಳ ಕೆಲಸವೂ ಹೋಯಿತು.

ನನಗೆ ಈ ಘಟನೆ ಮುಖ್ಯ ಅನಿಸುವುದು ಇದಕ್ಕೆ. ಬರೀ ವೇಷ ಮಾರ್ತೀವಿ, ಗೆಲುವು ಮಾರಲ್ಲ ಅನ್ನೋದು ಇಂದು ಕಂಪನಿಗಳು ಎದೆ ತಟ್ಟಿ ಹೇಳುವ ಮಾತು. ಆ ಮಾತನ್ನು ಅವರ ಬಾಯಿಂದ ಹೊರಡಿಸಿದ್ದು ಆಟಗಾರರ ಗಲಾಟೆ. ಸುಮ್ನೆ ಯಾರೂ ಬಿಟ್ಟುಕೊಡಲಿಲ್ಲ. ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಿ ಹಣ ಕೊಟ್ಟವರಿಗಷ್ಟೇ ಸಿಗುತ್ತಿದ್ದ ಬಲವಾದ ಗುಂಡುಗಳು ಎಲ್ಲರಿಗೂ ಸಿಗುವಂತಾಗಿದ್ದು ಕೂಡ ಇದೇ ಹೊತ್ತಿಗೆ. ಡಯಾಬ್ಲೊ 3ರಲ್ಲಿ ನಿಜವಾದ ಹಣದ ಹರಾಜುಕಟ್ಟೆ 2012ರಲ್ಲಿ ಶುರುವಾಗಿ 2014ರ ಮಾರ್ಚ್‌ನಲ್ಲಿ ಮುಚ್ಚಿತು. ಕೊಂಡರೆ ಸಾಕು ಅನ್ನೋದಾದರೆ ಆಡೋದು ಯಾಕೆ ಅನ್ನೋ ಪ್ರಶ್ನೆಗೆ ಅಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ಕಡೆ, ಗೆಲುವು ಮಾರದೆಯೂ ಹೊಟ್ಟೆ ತುಂಬುತ್ತದೆ ಅಂತ ತೋರಿಸಿದವರೂ ಬಂದರು. ಲೀಗ್ ಆಫ್ ಲೆಜೆಂಡ್ಸ್ 2009ರಿಂದ ಸ್ಕಿನ್ ಮಾರಿಯೇ ಬೆಳೆಯಿತು. 2013ರ ಡೋಟಾ 2 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲ ಹೀರೋಗಳನ್ನೂ ಮೊದಲ ದಿನದಿಂದಲೇ ಎಲ್ಲರಿಗೂ ಫ್ರೀ ಕೊಟ್ಟಿತು. ಮಾರಿದ್ದು ಟೋಪಿ, ಬಟ್ಟೆ, ದನಿ ಇಂಥವು ಮಾತ್ರ. ವರ್ಷದ ದೊಡ್ಡ ಟೂರ್ನಿಯ ಹೆಸರಲ್ಲಿ ಇಂಥ ವಸ್ತುಗಳ ಪಾಸ್ ಮಾರಿ, ಆ ದುಡ್ಡಿನ ಕಾಲು ಭಾಗವನ್ನು ಟೂರ್ನಿಯ ಬಹುಮಾನಕ್ಕೆ ಸೇರಿಸುತ್ತಾ ಹೋದರು, 2021ರ ಟೂರ್ನಿಯಲ್ಲಿ ಆ ಬಹುಮಾನದ ಮೊತ್ತ 4 ಕೋಟಿ ಡಾಲರ್ ಆಗಿತ್ತು. ಆಟದಲ್ಲಿ ಒಂದು ಗುಲಗಂಜಿಯಷ್ಟೂ ಉಪಯೋಗ ಇಲ್ಲದ ವಸ್ತುಗಳಿಂದ!

ಇಷ್ಟೆಲ್ಲ ಆದ ಮೇಲೂ 2017ರಲ್ಲಿ ಇಎ ಕಂಪನಿ ಹಳೇ ದಾರಿ ಹಿಡಿಯಿತು. ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಪೂರ್ತಿ ಬೆಲೆಗೆ ಮಾರುವ ಗೇಮ್. ಅದರಲ್ಲಿ ಆಟದ ಬಲ ಹೆಚ್ಚಿಸುವ ಕಾರ್ಡುಗಳನ್ನು ಲೂಟ್ ಬಾಕ್ಸಿನೊಳಗೆ ಇಟ್ಟಿದ್ದರು, ಬಾಕ್ಸನ್ನು ದುಡ್ಡಿಗೆ ಕೊಳ್ಳಬಹುದಿತ್ತು. ಡಾರ್ತ್ ವೇಡರ್ ಪಾತ್ರ ಬೇಕಾದರೆ 60,000 ಕ್ರೆಡಿಟ್ ಗಳಿಸಬೇಕು. ಅದಕ್ಕೆ ಸುಮಾರು 40 ಗಂಟೆ ಆಡಬೇಕಾಗುತ್ತದೆ ಅಂತ ಒಬ್ಬ ಆಟಗಾರ ಲೆಕ್ಕ ತೆಗೆದ. ಪಾತ್ರ ಕಷ್ಟಪಟ್ಟು ಪಡೆದರೆ ಆಟಗಾರರಿಗೆ ಹೆಮ್ಮೆ ಆಗಲಿ ಅಂತ ಹೀಗೆ ಮಾಡಿದ್ದೇವೆ ಅಂತ ಕಂಪನಿ ರೆಡಿಟ್ ಅನ್ನೋ ಚರ್ಚಾ ತಾಣದಲ್ಲಿ ಉತ್ತರ ಕೊಟ್ಟಿತು. ಆ ಉತ್ತರಕ್ಕೆ 6 ಲಕ್ಷಕ್ಕೂ ಹೆಚ್ಚು ಡೌನ್‌ವೋಟ್, ಅಂದರೆ ವಿರೋಧದ ಮತ ಬಿದ್ದವು, ಅದು ದಾಖಲೆ. ಮೊದಲು ಕ್ರೆಡಿಟ್ ಮುಕ್ಕಾಲು ಪಾಲು ಇಳಿಸಿದರು. ಆಮೇಲೆ ಬಿಡುಗಡೆಯ ಹಿಂದಿನ ದಿನ, ನವೆಂಬರ್ 16ರಂದು, ದುಡ್ಡಿನ ವ್ಯವಹಾರವನ್ನೇ ಬಂದ್ ಮಾಡಿದರು. ಬರೀ ವೇಷ ಮಾರಬಹುದಿತ್ತಲ್ಲ ಅಂತ ಕೇಳಿದ್ದಕ್ಕೆ ಕಂಪನಿಯ ಹಣಕಾಸು ಮುಖ್ಯಸ್ಥರು, ಗುಲಾಬಿ ಬಣ್ಣದ ಡಾರ್ತ್ ವೇಡರ್ ಕಥೆಗೆ ಒಗ್ಗುವುದಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. 2018ರ ವಸಂತದ ಹೊತ್ತಿಗೆ ಮಾರಾಟ ವಾಪಸ್ ಬಂತು, ಈ ಸಲ ವೇಷ ಮಾತ್ರ.

ಗಲಾಟೆ ಬೆಲ್ಜಿಯಂ ಸರ್ಕಾರದ ಕಿವಿಗೂ ಬಿತ್ತು. ತನಿಖೆ ಮಾಡಿದ ಅಲ್ಲಿನ ಜೂಜು ಆಯೋಗ 2018ರ ಏಪ್ರಿಲ್‌ನಲ್ಲಿ ಲೂಟ್ ಬಾಕ್ಸ್ ಜೂಜೇ ಅಂತ ಹೇಳಿತು. ಯಾವ ಗೇಮ್‌ಗಳಲ್ಲಿ ಅಂತ ನೋಡಿ: ಫಿಫಾ 18, ಓವರ್‌ವಾಚ್, ಕೌಂಟರ್ ಸ್ಟ್ರೈಕ್. ಫಿಫಾದಲ್ಲಿ ಬಾಕ್ಸಿನಿಂದ ಬರುತ್ತಿದ್ದ ಆಟಗಾರರಿಂದ ತಂಡ ಬಲ ಆಗುತ್ತಿತ್ತು, ಅದು ಸರಿ. ಆದರೆ ಓವರ್‌ವಾಚ್, ಕೌಂಟರ್ ಸ್ಟ್ರೈಕ್ ಎರಡರಲ್ಲೂ ಬಾಕ್ಸಿನಲ್ಲಿ ಸಿಗುತ್ತಿದ್ದದ್ದು ಬರೀ ವೇಷ. ಆಯೋಗ ನೋಡಿದ್ದು ಪೆಟ್ಟಿಗೆಯಿಂದ ಏನು ಬರುತ್ತದೆ ಅನ್ನೋದನ್ನಲ್ಲ. ದುಡ್ಡು ಹಾಕಿದವನಿಗೆ ಏನು ಸಿಗುತ್ತದೆ ಅಂತ ಮೊದಲೇ ಗೊತ್ತಿರುತ್ತದಾ, ಇಲ್ವಾ ಅಂತ ನೋಡಿತು.

ನಾನು ಉಳಿದರ್ಧ ಅಂದಿದ್ದು ಇದನ್ನೇ. ಗೆಲುವು ಮಾರಬೇಡಿ ಅಂದಾಗ ನಾವು ಎದುರಾಳಿಗೆ ನ್ಯಾಯ ಕೇಳುತ್ತೇವೆ. ಕೊಳ್ಳುವವನಿಗೆ ಸಿಗಬೇಕಾದ ನ್ಯಾಯದ ಬಗ್ಗೆ ಆ ಮಾತಿನಲ್ಲಿ ಏನೂ ಇಲ್ಲ. ಕೌಂಟರ್ ಸ್ಟ್ರೈಕ್‌ಗೆ 2013ರಲ್ಲಿ ಬಂದೂಕಿನ ಸ್ಕಿನ್ ಬಂದವು. ಗುಂಡಿನ ಪೆಟ್ಟು ಬದಲಾಗಲಿಲ್ಲ, ಆಟ ಪೂರ್ತಿ ಸಮ. ಆದರೆ ಪೆಟ್ಟಿಗೆ ತೆರೆಯಲು ಎರಡೂವರೆ ಡಾಲರಿನ ಕೀಲಿ ಬೇಕು, ಎಲ್ಲರೂ ಬಯಸುವ ಚಾಕುವಿನ ಸ್ಕಿನ್ ಬರುವ ಸಾಧ್ಯತೆ ತೀರಾ ಕಮ್ಮಿ, ಬಂದ ಸ್ಕಿನ್ ಬೇರೆಯವರಿಗೆ ಮಾರಬಹುದು. ಆ ಸ್ಕಿನ್‌ಗಳನ್ನೇ ಪಣಕ್ಕಿಟ್ಟು ಜೂಜಾಡುವ ಸೈಟುಗಳು ಹುಟ್ಟಿಕೊಂಡವು, ಹೈಸ್ಕೂಲ್ ಹುಡುಗರೂ ಅಲ್ಲಿ ಸೇರಿದರು. 2016ರಲ್ಲಿ ಕೋರ್ಟ್ ಕೇಸುಗಳು ಬಿದ್ದ ಮೇಲೆ ಆ ಗೇಮ್ ಮಾಡಿದ ವಾಲ್ವ್ ಕಂಪನಿ ಆ ಸೈಟುಗಳಿಗೆ ನೋಟಿಸ್ ಕಳಿಸಿತು.

ಫೋರ್ಟ್‌ನೈಟ್ ಅಂತೂ ಬ್ಯಾಟಲ್ ರಾಯಲ್‌ನಲ್ಲಿ (ಕಡೆಗೆ ಉಳಿದವರೇ ಗೆಲ್ಲುವ ಆಟದಲ್ಲಿ) ಗೆಲುವು ಮಾರದ ಗೇಮ್ ಅಂತಲೇ ಹೆಸರಾಗಿದ್ದು. ಅದರ ಕಂಪನಿ ಎಪಿಕ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾಕಿದ ಪ್ರಕರಣ 2022ರ ಡಿಸೆಂಬರ್‌ನಲ್ಲಿ 52 ಕೋಟಿ ಡಾಲರಿಗೆ ಮುಗಿಯಿತು. ಅದರಲ್ಲಿ 24.5 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್ ಕೊಡಲಿಕ್ಕೆ. ಗೊತ್ತಿಲ್ಲದೆ ಒಂದು ಬಟನ್ ಒತ್ತಿದರೂ ಖರೀದಿ ಆಗಿಬಿಡುವಂತೆ ವಿನ್ಯಾಸ ಮಾಡಿದ್ದರು ಅನ್ನೋದು ಆರೋಪ. ಇನ್ನೊಂದು ಒತ್ತಡ ಕೋರ್ಟಿಗೆ ಬರುವಂಥದ್ದಲ್ಲ. ಫ್ರೀ ಆಗಿ ಸಿಗುವ ವೇಷದಲ್ಲೇ ಆಡುವ ಮಗುವನ್ನು ಶಾಲೆಯಲ್ಲಿ "ಡಿಫಾಲ್ಟ್" ಅಂತ ಹೀಯಾಳಿಸುತ್ತಿದ್ದರು. ಹತ್ತು ವರ್ಷದ ಮಗುವಿಗೆ ಸ್ಕಿನ್ ಆಟದಲ್ಲಿ ಉಪಯೋಗಕ್ಕೆ ಬರಲ್ಲ ಅಂತ ತಿಳಿಹೇಳಿ ಏನು ಪ್ರಯೋಜನ? ಅದಕ್ಕೆ ಬೇಕಿರುವುದು ಗೆಳೆಯರ ಮಧ್ಯೆ ಒಂದು ಜಾಗ.

ನಮ್ಮ ಕಡೆಗೆ ಬರೋಣ. ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ, ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ಬ್ಯಾನ್ ಆದವು. ಎರಡಕ್ಕೂ ಕಾರಣ ದೇಶದ ಭದ್ರತೆ, ಮಾಹಿತಿ ಸೋರಿಕೆಯ ಭಯ. ಒಳಗಿನ ಮಾರಾಟದ ತಂಟೆಗೆ ಯಾರೂ ಹೋಗಲಿಲ್ಲ. 2021ರಲ್ಲಿ ಬಿಜಿಎಂಐ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಆಟ, ದಿನಕ್ಕೆ 7,000 ರೂಪಾಯಿ ಖರ್ಚು ಅಂತ ಮಿತಿ ಇಟ್ಟರು. ಮಕ್ಕಳಿಗೆ ದಿನಕ್ಕೆ 7,000! ತಿಂಗಳ ಲೆಕ್ಕ ಹಾಕಿದರೆ 2 ಲಕ್ಷ ದಾಟುತ್ತದೆ. ಇದನ್ನು ಮಿತಿ ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ಸಿಗುವುದು ಅಪ್ಪನದೋ ಅಮ್ಮನದೋ ಫೋನು. ಯುಪಿಐ ಪಿನ್ ಒಂದು ಸಲ ನೋಡಿಕೊಂಡರೆ ಮುಗಿಯಿತು. ಬ್ಯಾಂಕಿನ ಮೆಸೇಜ್ ಬರುವುದೂ ಅದೇ ಫೋನಿಗೆ.

ನಮ್ಮ ಕಾನೂನಿನ ಕಣ್ಣಿರುವುದು ರಮ್ಮಿ, ಪೋಕರ್‌ನಂಥ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಮೇಲೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅಂಥವನ್ನು ನಿಷೇಧಿಸಿತು, ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥ ಆಟಗಳನ್ನು ದೇಶದಾದ್ಯಂತ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಕ್ರೇಟ್, ಲಕ್ಕಿ ಸ್ಪಿನ್‌ನಂಥ, ಲೂಟ್ ಬಾಕ್ಸಿನ ಜಾತಿಯ ವಸ್ತುಗಳ ಹೆಸರು ಹಿಡಿದು ಆ ಕಾಯ್ದೆ ಏನೂ ಹೇಳುವುದಿಲ್ಲ.

ಬೇರೆ ಕಡೆ ನಿಯಮಗಳು ಮುಂದೆ ಹೋಗಿವೆ. ಚೀನಾ 2017ರಿಂದಲೇ ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು ಅಂದಿದೆ. ಯುರೋಪಿನ ಗ್ರಾಹಕ ರಕ್ಷಣಾ ಸಂಸ್ಥೆಗಳು 2025ರ ಮಾರ್ಚ್‌ನಲ್ಲಿ, ಗೇಮ್ ಒಳಗಿನ ವಸ್ತುಗಳ ಬೆಲೆಯನ್ನು ನಿಜವಾದ ಹಣದಲ್ಲೂ ತೋರಿಸಿ ಅಂದವು. ನಮ್ಮಲ್ಲೂ ಮೊದಲು ಬರಬೇಕಾದ್ದು ಇದೇ ಅಂತ ನನಗನಿಸುತ್ತದೆ. ಯುಸಿ, ಡೈಮಂಡ್ ಅಂತ ಇದ್ದಾಗ ಮಗುವಿಗಿರಲಿ, ದೊಡ್ಡವರಿಗೂ ಎಷ್ಟು ಹೋಯಿತು ಅಂತ ತಿಳಿಯುವುದಿಲ್ಲ. ಕ್ರೇಟ್ ತೆರೆಯುವ ಬಟನ್ ಪಕ್ಕದಲ್ಲೇ ಇಷ್ಟು ರೂಪಾಯಿ ಅಂತ ಬರೆದಿರಲಿ, ಮೆನುವಿನ ಒಳಗೆಲ್ಲೋ ಅಡಗಿಸಿಟ್ಟ ಸಾಧ್ಯತೆಯ ಅಂಕಿಯೂ ಅಲ್ಲೇ ಇರಲಿ, 18 ವರ್ಷದೊಳಗಿನವರ ಅಕೌಂಟಿನಲ್ಲಿ ಆ ಬಟನ್ನೇ ಇರದಿರಲಿ. ಸ್ಕಿನ್ ಬೇಕಿದ್ದರೆ ಬೆಲೆ ನೋಡಿ ನೇರವಾಗಿ ಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ.