ಮಸ್ಕಿಯ ಹೆಸರು, ಹೈಟಿಯ ಮೊಳೆ

ಅಶೋಕನ ಶಾಸನವಿರುವ ರಾಯಚೂರು ಜಿಲ್ಲೆಯ ಮಸ್ಕಿಯಿಂದಲೇ ಶುರು ಮಾಡೋಣ, ಹೇಗೂ ಪರೀಕ್ಷೆಗೆ ಬೇಕು. ಶಾಸನಗಳಲ್ಲಿ ಬರುವ ಬಿರುದು 'ದೇವಾನಾಂಪ್ರಿಯ ಪ್ರಿಯದರ್ಶಿ' ಅಂದರೆ ಅಶೋಕ ಎಂದು 1837ರಲ್ಲೇ ಸಿಂಹಳದ ಗ್ರಂಥಗಳ ಬಲದಿಂದ ಗುರುತಿಸಿದ್ದರು. ಆದರೂ ವಾದ ತೀರಿದ್ದು 1915ರಲ್ಲಿ. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಂಡ ನಮ್ಮ ಬಂಡೆಯಲ್ಲಿ 'ಅಸೋಕಸ' (ಅಶೋಕನ) ಎಂದೇ ಕೊರೆದಿತ್ತು.

ಮುಳುಗಿದ ಹಡಗಿಗೂ ಹಾಗೆಯೇ, ಹೆಸರು ಸಿಕ್ಕರೆ ವಾದ ತೀರುತ್ತದೆ. ಮುಳುಗಿದ ಹಡಗುಗಳನ್ನು ಹುಡುಕುವ ಬ್ಯಾರಿ ಕ್ಲಿಫರ್ಡ್ 1984ರಲ್ಲಿ ಅಮೆರಿಕದ ಕೇಪ್ ಕಾಡ್ ಬಳಿ ಕಡಲ್ಗಳ್ಳರ 'ವಿಡಾ' ಹಡಗನ್ನು ಹುಡುಕಿದರು. ಮರುವರ್ಷ ಮೇಲೆ ಬಂದ ಗಂಟೆಯ ಮೇಲೆ ಹಡಗಿನ ಹೆಸರೂ 1716 ಎಂಬ ಇಸವಿಯೂ ಇದ್ದವು. ಅದು ಅವರ ಪಾಲಿನ ಮಸ್ಕಿ.

2014ರ ಮೇನಲ್ಲಿ ಅವರೇ, ಹೈಟಿಯ ಕಡಲಲ್ಲಿ ಕೊಲಂಬಸ್‌ನ 'ಸಾಂತಾ ಮರಿಯಾ' ಸಿಕ್ಕಿತು ಎಂದರು. ಅದು ನೆಲಕಚ್ಚಿದ್ದು 1492ರ ಕ್ರಿಸ್‌ಮಸ್ ರಾತ್ರಿ. ಆಧಾರಗಳೇನು? ಕೊಲಂಬಸ್‌ನ ದಿನಚರಿಗೆ ಹೊಂದುವ ಜಾಗ, ತಳಭಾರದ (ಹಡಗು ವಾಲದಂತೆ ತಳದಲ್ಲಿ ತುಂಬುವ) ಕಲ್ಲುಗುಡ್ಡೆ, 2003ರ ಫೋಟೊದಲ್ಲಿದ್ದು ಆಮೇಲೆ ಕಾಣೆಯಾದ ಒಂದು ಫಿರಂಗಿ. ಇಲ್ಲಿ ನಿಲ್ಲಿ. ತಳಭಾರದ ಕಲ್ಲು ಆ ಕಾಲದ ಎಷ್ಟೋ ಹಡಗುಗಳಲ್ಲಿತ್ತು. ದಿನಚರಿಯ ಮೂಲಪ್ರತಿಯೇ ಉಳಿದಿಲ್ಲ, ನಮಗಿರುವುದು ಸ್ಪೇನಿನ ಪಾದ್ರಿ ಲಾಸ್ ಕಾಸಾಸ್ ಮಾಡಿಕೊಂಡ ಸಂಗ್ರಹ. 'ಹೊಂದುತ್ತದೆ' ಅನ್ನುವುದು ಬೇರೆ, 'ಅದೇ' ಅನ್ನುವುದು ಬೇರೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಯುನೆಸ್ಕೊ ತಜ್ಞರ ವರದಿ ಬಂತು. ಅಲ್ಲಿ ಸಿಕ್ಕ ಹಡಗಿನ ಮರ ಜೋಡಿಸಿದ್ದು ಕಂಚು ಅಥವಾ ತಾಮ್ರದ ಮೊಳೆಗಳಿಂದ. ಕೊಲಂಬಸ್ ಕಾಲದಲ್ಲಿ ಹೊಡೆಯುತ್ತಿದ್ದದ್ದು ಕಬ್ಬಿಣದ ಮೊಳೆ. ಈ ಕಟ್ಟುವ ರೀತಿ 17ನೇ ಶತಮಾನದ ಕೊನೆಯದು ಇಲ್ಲವೇ 18ನೇ ಶತಮಾನದ್ದು. ಆಮೇಲೆ ರಿಪೇರಿ ಮಾಡಿರಬಹುದಲ್ಲ ಅನ್ನುತ್ತೀರಾ? 1492ರಲ್ಲೇ ಹೋದ ಹಡಗಿಗೆ 1700ರ ಸುಮಾರಿಗೆ ಮೊಳೆ ಹೊಡೆಯುವವರು ಯಾರು? ಬೇರೆ ಹಡಗಿನ ಅವಶೇಷ ಬೆರೆತಿದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಜೊತೆಗೆ, ಸಾಂತಾ ಮರಿಯಾದ ಮರ ಕಳಚಿ ದಡದಲ್ಲಿ ಲಾ ನವಿದಾದ್ ಕೋಟೆ ಕಟ್ಟಿದ್ದರು, ಹಾಗಾಗಿ ನೀರಲ್ಲಿ ಹೆಚ್ಚೇನೂ ಉಳಿದಿರಲಾರದು. ಹೊಳೆಗಳು ತಂದು ಸುರಿದ ಹೂಳಿನಿಂದ ಅಂದಿನ ದಡವೂ ಇಂದಿನ ದಡವೂ ಒಂದೇ ಅನ್ನುವಂತಿಲ್ಲ. 133 ಟಿಎಂಸಿಯ ತುಂಗಭದ್ರಾ ಡ್ಯಾಂ 105ಕ್ಕೆ ಇಳಿದದ್ದು ಕಂಡ ನಮಗೆ ಹೂಳಿನ ಕೆಲಸ ಹೇಳಿಕೊಡಬೇಕೆ?

2015ರಲ್ಲಿ ಮಡಗಾಸ್ಕರ್‌ನಿಂದ ಕ್ಲಿಫರ್ಡ್ ಅವರದೇ ಮತ್ತೊಂದು ಸುದ್ದಿ: ಕಡಲ್ಗಳ್ಳ ಕ್ಯಾಪ್ಟನ್ ಕಿಡ್‌ನ ಹಡಗು, 50 ಕಿಲೊ ಬೆಳ್ಳಿ ಗಟ್ಟಿ. ಪರೀಕ್ಷಿಸಿದರೆ 95% ಸೀಸ, ಬೆಳ್ಳಿ ಇಲ್ಲವೇ ಇಲ್ಲ. 'ಹಡಗು' ಅಂದದ್ದು ಹಳೆಯ ಬಂದರು ಕಟ್ಟಡದ ಮುರುಕು.

ಚರ್ಚೆಗೆ ಒಂದು ಪ್ರಶ್ನೆ, ಸ್ವಲ್ಪ ತೊಡಕಿನದು: ಕೊಪ್ಪಳದ ಗವಿಮಠ ಶಾಸನದಲ್ಲಿ ಅಶೋಕನ ಹೆಸರಿಲ್ಲ, ಒಕ್ಕಣೆ ಮಾತ್ರ ಮಸ್ಕಿಯದೇ. ಅದನ್ನು ಅಶೋಕನದೆಂದು ಒಪ್ಪುತ್ತೇವೆ. ಆ ಹೊಂದಿಕೆಗೂ ಕಲ್ಲುಗುಡ್ಡೆಯ ಹೊಂದಿಕೆಗೂ ಏನು ವ್ಯತ್ಯಾಸ?