ರಾತ್ರಿಯಿಡೀ ಸೈಕಲ್ ಸವಾರಿ: ಕಾಲಿಗಿಂತ ಮೊದಲು ಕಣ್ಣು ಸೋಲುತ್ತದೆ

ಪ್ರಶ್ನೆ: ನಾನು ವಾರಕ್ಕೊಮ್ಮೆ ಐವತ್ತು-ಅರವತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ. ನಮ್ಮ ಗುಂಪಿನವರೆಲ್ಲ ಸೇರಿ ಒಂದು ರಾತ್ರಿ ಒಂಬತ್ತಕ್ಕೆ ಹೊರಟು, ಬೆಳಗಾಗುವ ಹೊತ್ತಿಗೆ 160 ಕಿಲೋಮೀಟರ್ ಮುಗಿಸೋಣ ಅಂತಿದ್ದಾರೆ. ಇನ್ನು ಆರು ವಾರ ಇದೆ. ಅಷ್ಟು ದೂರ ನನ್ನಿಂದ ಆಗುತ್ತಾ? ಹೇಗೆ ತಯಾರಾಗಲಿ?

ಉತ್ತರ: ಖಂಡಿತ ಆಗುತ್ತದೆ. ಅರವತ್ತು ಕಿಲೋಮೀಟರ್ ಅಭ್ಯಾಸ ಇರುವ ಕಾಲಿಗೆ ಆರು ವಾರದಲ್ಲಿ 160 ದೊಡ್ಡ ಮಾತಲ್ಲ. ಆದರೆ ನಿಮ್ಮ ಯೋಚನೆಯೆಲ್ಲ ದೂರದ ಮೇಲೇ ಇದೆ, ಅಲ್ವಾ? ಮೊದಲ ಸಲ ರಾತ್ರಿ ಸವಾರಿಗೆ ಹೊರಡುವವರು ಹೆಚ್ಚಾಗಿ ಹೀಗೇ ಕಿಲೋಮೀಟರ್ ಲೆಕ್ಕ ಹಾಕಿಕೊಂಡು ಕಾಲು ಗಟ್ಟಿ ಮಾಡಿಕೊಳ್ಳುತ್ತಾರೆ. ಕಷ್ಟ ಬರುವುದು ಬೆಳಗಿನ ಜಾವ ಮೂರರಿಂದ ಐದರ ನಡುವೆ. ನಿದ್ದೆ, ಚಳಿ, ಖಾಲಿ ಹೊಟ್ಟೆ, ಮಂಕಾಗುತ್ತಿರುವ ಲೈಟು, ಎಲ್ಲ ಒಟ್ಟಿಗೇ ಮೇಲೆ ಬೀಳುವ ಹೊತ್ತು ಅದು. ನನ್ನನ್ನು ಕೇಳಿದರೆ, ನಿಮ್ಮ ತಯಾರಿಯ ಮುಕ್ಕಾಲು ಪಾಲು ಆ ಎರಡು ಗಂಟೆಗೇ ಮೀಸಲಿರಬೇಕು.

ಕಾಲಿನ ವಿಷಯ ಬೇಗ ಮುಗಿಸಿಬಿಡೋಣ. ವಾರಕ್ಕೊಂದು ಉದ್ದದ ಸವಾರಿ ಇಟ್ಟುಕೊಳ್ಳಿ. ಮೊದಲ ವಾರ 75, ಎರಡನೇ ವಾರ 90. ಮೂರನೇ ವಾರ ಸ್ವಲ್ಪ ಸಡಿಲ ಬಿಡಿ. ನಾಲ್ಕು, ಐದನೇ ವಾರ 110-120ರ ತನಕ ಹೋಗಿ. ಕೊನೆಯ ವಾರ ಸುಮ್ನೆ ಕಾಲಾಡಿಸಿದರೆ ಸಾಕು. ಮೊದಲೇ ಪೂರ್ತಿ 160 ತುಳಿದು ನೋಡಲೇಬೇಕು ಅಂತೇನಿಲ್ಲ. ವೇಗದ ಚಿಂತೆಯೂ ಬೇಡ. ದೂರದ ಸವಾರಿಯವರು ಮಾಡುವ ಬ್ರೆವೆಗಳಲ್ಲಿ, ಅಂದರೆ ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕಾದ ಸವಾರಿಗಳಲ್ಲಿ, 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ ಕೊಡುತ್ತಾರೆ. ಊಟ, ಪಂಕ್ಚರ್, ವಿಶ್ರಾಂತಿ ಎಲ್ಲ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್ ಆಗಿದ್ದರೆ ಆಯಿತು. ಅದೇ ಲೆಕ್ಕದಲ್ಲಿ ಹೋದರೂ ನಿಮ್ಮ 160 ಬೆಳಿಗ್ಗೆ ಎಂಟರೊಳಗೆ ಮುಗಿಯುತ್ತದೆ.

ಹಗಲಿನ ಅಭ್ಯಾಸದ ಜೊತೆ ಒಂದು ರಾತ್ರಿ ಎರಡು-ಮೂರು ಗಂಟೆ ಕತ್ತಲೆ ರಸ್ತೆಯಲ್ಲಿ ಹೋಗಿ ಬನ್ನಿ. ಒಬ್ಬರೇ ಬೇಡ, ಜೊತೆಗೆ ಒಬ್ಬರಿರಲಿ. ಅವತ್ತು ಬಳಸುವ ಅದೇ ಲೈಟು, ಅದೇ ಬ್ಯಾಗು, ಅದೇ ಬಟ್ಟೆ. ಹಗಲಲ್ಲಿ ಚೆನ್ನಾಗಿ ಗೊತ್ತಿರುವ ತಿರುವು ಕೂಡ ರಾತ್ರಿ ಬೇರೆಯೇ ಆಗಿ ಕಾಣುತ್ತದೆ.

ಈಗ ನಿದ್ದೆಗೆ ಬರೋಣ. ಬೆಳಗಿನ ಜಾವ ನಮ್ಮ ಮೈ ಬಿಸಿ ಇಡೀ ದಿನದಲ್ಲೇ ಅತ್ಯಂತ ಕಡಿಮೆಗೆ ಇಳಿಯುತ್ತದೆ. ಮೈಯೊಳಗಿನ ಗಡಿಯಾರ ಮಲಗು ಮಲಗು ಅನ್ನುತ್ತಿರುತ್ತದೆ. ಇದನ್ನು ಮನೋಬಲದಿಂದ ಗೆಲ್ಲುತ್ತೇನೆ ಅಂತ ಹೊರಡಬೇಡಿ. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಬೆಳಿಗ್ಗೆ ಆರಕ್ಕೆ ಎದ್ದವರಿಗೆ ಆ 17 ಗಂಟೆ ರಾತ್ರಿ ಹನ್ನೊಂದಕ್ಕೇ ಮುಗಿಯುತ್ತದೆ. ನಿಮ್ಮ ಸವಾರಿ ಶುರುವಾಗಿ ಆಗಿನ್ನೂ ಎರಡೇ ಗಂಟೆ. ನಾಲ್ಕು ಗಂಟೆಗೆ ಹೇಗಿರುತ್ತೀರಿ ನೀವೇ ಊಹಿಸಿ.

ನಿದ್ದೆಯನ್ನು ಸ್ವಲ್ಪ ಮಟ್ಟಿಗೆ ಮುಂಚೆಯೇ ಕೂಡಿಟ್ಟುಕೊಳ್ಳಬಹುದು. ಸವಾರಿಯ ಹಿಂದಿನ ಐದಾರು ರಾತ್ರಿ ದಿನಕ್ಕೊಂದು ಗಂಟೆ ಜಾಸ್ತಿ ಮಲಗಿ. ಹೊರಡುವ ದಿನ ಬೆಳಿಗ್ಗೆ ಅಲಾರಂ ಇಡಬೇಡಿ. ಮಧ್ಯಾಹ್ನ ಪರದೆ ಎಳೆದು ಒಂದೂವರೆ ಗಂಟೆ ಮಲಗಿ. ನಿದ್ದೆ ಹತ್ತದಿದ್ದರೂ ಪರವಾಗಿಲ್ಲ, ಫೋನ್ ದೂರ ಇಟ್ಟು ಕಣ್ಣು ಮುಚ್ಚಿಕೊಂಡಿರಿ. ಬ್ಯಾಗ್ ಜೋಡಿಸುವ ಕೆಲಸ ಹಿಂದಿನ ದಿನವೇ ಮುಗಿದಿರಬೇಕು ಅನ್ನುವುದು ಈ ಕಾರಣಕ್ಕೇ. ಇಲ್ಲದಿದ್ದರೆ ಮಲಗಬೇಕಾದ ಮಧ್ಯಾಹ್ನ ಪೂರ್ತಿ ಟ್ಯೂಬು, ಕೇಬಲ್ ಹುಡುಕುವುದರಲ್ಲೇ ಕಳೆಯುತ್ತದೆ.

ಕಾಫಿ ಕುಡಿಯುವವರಾದರೆ ಅವತ್ತು ಹಗಲು ಕಡಿಮೆ ಮಾಡಿ, ರಾತ್ರಿ ಒಂದು-ಎರಡು ಗಂಟೆಯ ಮೇಲೆ ಕುಡಿಯಿರಿ. ಕೆಫೀನ್ ಕೆಲಸ ಶುರು ಮಾಡಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಅದಕ್ಕೇ ಕಾಫಿ ಕುಡಿದ ತಕ್ಷಣ ಹದಿನೈದು-ಇಪ್ಪತ್ತು ನಿಮಿಷದ ಕೋಳಿನಿದ್ದೆ ತೆಗೆದರೆ ಎರಡೂ ಸೇರಿ ಒಳ್ಳೆ ಎಚ್ಚರ ಕೊಡುತ್ತವೆ. ಅರ್ಧ ಗಂಟೆ ಮೀರಿ ಮಲಗಿದರೆ ಎದ್ದಾಗ ತಲೆ ಭಾರ. ಅಲಾರಂ ಇಟ್ಟೇ ಮಲಗಿ.

ದಾರಿಯಲ್ಲಿ ಮಲಗುವುದಕ್ಕೆ ನಾಚಿಕೆ ಪಡಬೇಡಿ. 1891ರಲ್ಲಿ ಶುರುವಾದ ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1200 ಕಿಲೋಮೀಟರ್, ಗರಿಷ್ಠ 90 ಗಂಟೆ. ಅಲ್ಲಿ ಪಳಗಿದ ಸವಾರರೇ ಬೆಳ್ಳಿ ಬಣ್ಣದ ತೆಳು ಹಾಳೆ ಹೊದ್ದುಕೊಂಡು ರಸ್ತೆ ಪಕ್ಕದ ಹುಲ್ಲಿನ ಮೇಲೆ ಮಲಗಿರುತ್ತಾರೆ.

ತೂಕಡಿಕೆಯ ಗುರುತು ತಿಳಿದಿರಲಿ. ಕಳೆದ ಐದು ನಿಮಿಷ ಯಾವ ರಸ್ತೆಯಲ್ಲಿ ಬಂದೆ ಅನ್ನುವುದೇ ನೆನಪಾಗುವುದಿಲ್ಲ. ಸೈಕಲ್ ತಾನಾಗಿ ಒಂದು ಕಡೆಗೆ ವಾಲುತ್ತದೆ. ಪಕ್ಕದವರ ಮಾತಿಗೆ ಉತ್ತರ ತಡವಾಗಿ ಬರುತ್ತದೆ. ಕಣ್ಣು ತೆರೆದೇ ಇರುತ್ತದೆ, ಆದರೆ ಮಿದುಳು ಎರಡು-ಮೂರು ಸೆಕೆಂಡು ಜಾರಿರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಅಂದರೆ ಹದಿನಾರು ಮೀಟರಿಗೂ ಜಾಸ್ತಿ. ಹಾಗಾದಾಗ ಮುಂದಿನ ನಿಲುಗಡೆಯ ತನಕ ಎಳೆಯಬೇಡಿ. ಅಲ್ಲೇ ಕೂಗಿ ಹೇಳಿ ನಿಲ್ಲಿಸಿ.

ಇನ್ನು ಬೆಳಕು. ಹೊಸಬರು ಲೈಟ್ ಎಷ್ಟು ಲುಮೆನ್, ಅಂದರೆ ಎಷ್ಟು ಬೆಳಕು ಕೊಡುತ್ತದೆ ಅಂತ ಕೇಳುತ್ತಾರೆ. ಎಷ್ಟು ಗಂಟೆ ಉರಿಯುತ್ತದೆ ಅಂತ ಕೇಳಬೇಕು. ಬೀದಿ ದೀಪ ಇಲ್ಲದ ರಸ್ತೆಗೆ 400ರಿಂದ 600 ಲುಮೆನ್ ಧಾರಾಳ ಸಾಕು. ಡಬ್ಬಿಯ ಮೇಲೆ ಬರೆದ ಗಂಟೆಯನ್ನು ನಂಬಬೇಡಿ. ಹೆಚ್ಚಾಗಿ ಅದು ತೀರಾ ಮಂದ ಬೆಳಕಿನ ಅಥವಾ ಮಿಣುಕು ಬೆಳಕಿನ ಲೆಕ್ಕ. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ, ರಸ್ತೆಯಲ್ಲಿ ಬಳಸುವಷ್ಟೇ ಬೆಳಕಿಗಿಟ್ಟು, ಆರುವ ತನಕ ಗಡಿಯಾರ ನೋಡಿ. ನಾಲ್ಕೂವರೆ ಗಂಟೆ ಬಂತು ಅನ್ನಿ, ರಾತ್ರಿಗೆ ಎರಡು ಲೈಟು ಬೇಕು ಅಥವಾ ಉರಿಯುತ್ತಲೇ ಚಾರ್ಜ್ ಆಗುವಂಥದ್ದು ಬೇಕು. ಚಳಿಯಲ್ಲಿ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ. ಹಿಂದಿನ ಕೆಂಪು ಲೈಟು ಕೂಡ ಎರಡಿರಲಿ. ಅದು ಆರಿದ್ದು ನಿಮಗೆ ಗೊತ್ತೇ ಆಗುವುದಿಲ್ಲವಲ್ಲ. ಜಾಕೆಟ್ಟಿನ ಅಂಚೋ ಸೀಟಿನ ಬ್ಯಾಗೋ ಅದನ್ನು ಮುಚ್ಚದ ಹಾಗೆ ನೋಡಿಕೊಳ್ಳಿ.

ಗುಂಪಿನಲ್ಲಿ ಹೋಗುವಾಗ ಬೆಳಕಿನದು ಬೇರೆಯೇ ಸಮಸ್ಯೆ. ಹಿಂದಿನವರ ಲೈಟ್ ಜೋರಾಗಿದ್ದರೆ ನಿಮ್ಮದೇ ನೆರಳು ನಿಮ್ಮ ಮುಂದಿನ ರಸ್ತೆಯ ಮೇಲೆ ಉದ್ದಕ್ಕೆ ಬೀಳುತ್ತದೆ. ಕಪ್ಪಗೆ, ತಿರುಗುವ ಕಾಲಿನ ಜೊತೆ ಅಲುಗಾಡುತ್ತಾ. ಗುಂಡಿ ಇದ್ದರೆ ಸರಿಯಾಗಿ ಆ ನೆರಳಿನೊಳಗೇ ಅಡಗಿರುತ್ತದೆ. ಮುಂದಿನವರ ಕೆಂಪು ಲೈಟ್ ಮಿಣುಕುತ್ತಿದ್ದರೆ ಅವರು ಎಷ್ಟು ದೂರ ಇದ್ದಾರೆ ಅನ್ನುವುದೇ ಅಂದಾಜಾಗುವುದಿಲ್ಲ, ಅರ್ಧ ಗಂಟೆಯಲ್ಲಿ ತಲೆಯೂ ಸಿಡಿಯುತ್ತದೆ. ಆದ್ದರಿಂದ ಗುಂಪಿನೊಳಗೆ ಎಲ್ಲರದೂ ಸ್ಥಿರ ಬೆಳಕು. ಹಿಂದೆ ಇರುವವರು ಮುಂದಿನ ಲೈಟನ್ನು ತಗ್ಗಿಸಿ, ನೆಲಕ್ಕೆ ಬಾಗಿಸಿಡಲಿ. ಮುಂಚೂಣಿಯವರು ಮಾತ್ರ ಪೂರ್ತಿ ಬೆಳಕು ಬಿಡಲಿ. ತಲೆಗೆ ಕಟ್ಟುವ ಲೈಟ್ ಪಂಕ್ಚರ್ ಹಾಕುವಾಗ ಬಹಳ ಅನುಕೂಲ. ಆದರೆ ಅದನ್ನು ಉರಿಸಿಕೊಂಡೇ ಮಾತಾಡಲು ತಿರುಗಿದರೆ ಎದುರಿನವರ ಕಣ್ಣು ಕುರುಡಾಗುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಮತ್ತೆ ಇಪ್ಪತ್ತು-ಮೂವತ್ತು ನಿಮಿಷ ಬೇಕು.

ಮಿನುಗುವ ಪಟ್ಟಿ ಎಲ್ಲಿ ಕಟ್ಟಬೇಕು ಅಂತ ಕೇಳಿದರೆ, ಮೊದಲು ಕಣಕಾಲಿಗೆ ಅನ್ನುತ್ತೇನೆ. ಮೇಲೆ ಕೆಳಗೆ ಆಡುವ ಎರಡು ಬೆಳಕು ಕಂಡರೆ ದೂರದ ಚಾಲಕನಿಗೂ ಅಲ್ಲೊಬ್ಬ ಮನುಷ್ಯ ಪೆಡಲ್ ತುಳಿಯುತ್ತಿದ್ದಾನೆ ಅಂತ ಥಟ್ಟನೆ ಹೊಳೆಯುತ್ತದೆ. ಬೆನ್ನಿನ ಮೇಲಿನ ವೆಸ್ಟ್ ಅದರ ಜೊತೆಗಿರಲಿ.

ಚಳಿಯ ಬಗ್ಗೆ ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು: ನಡುಕ ಬಂದ ಮೇಲೆ ಜಾಕೆಟ್ ಹಾಕಿದರೆ ತಡವಾಯಿತು. ನಿಂತ ತಕ್ಷಣ ಹಾಕಿ, ಹೊರಟು ಮೈ ಬಿಸಿಯಾದ ಮೇಲೆ ಬಿಚ್ಚಿ. ಒಂಬತ್ತು ಗಂಟೆಯ ಹವೆ ನೋಡಿ ಬಟ್ಟೆ ಆರಿಸಬೇಡಿ. ರಾತ್ರಿಯಿಡೀ ತಣ್ಣಗಾಗುತ್ತಲೇ ಹೋಗಿ, ಸೂರ್ಯ ಹುಟ್ಟುವ ಆಸುಪಾಸಿನಲ್ಲಿ ಚಳಿ ಅತಿ ಹೆಚ್ಚು. ಬೆವರಿನಿಂದ ಒದ್ದೆಯಾದ ಬನಿಯನ್ ಇಳಿಜಾರಿನಲ್ಲಿ ಮೈ ಕೊರೆಯುತ್ತದೆ. ಇನ್ನೊಂದು ಒಣ ಬನಿಯನ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಳ್ಳಿ. ಪೂರ್ತಿ ಬೆರಳಿನ ಗ್ಲೌಸ್ ಬೇಕು. ಮರಗಟ್ಟಿದ ಬೆರಳಿಗೆ ಬ್ರೇಕ್ ಸಿಗುವುದಿಲ್ಲ. ಹಳೆಯ ಕಾಲದ ರೇಸ್ ಸವಾರರು ಬೆಟ್ಟ ಇಳಿಯುವ ಮುಂಚೆ ಜರ್ಸಿಯೊಳಗೆ ಎದೆಗೆ ದಿನಪತ್ರಿಕೆ ತುರುಕಿಕೊಳ್ಳುತ್ತಿದ್ದರು. ಇವತ್ತಿಗೂ ಅದು ಕೆಲಸ ಮಾಡುತ್ತದೆ.

ಹೊಟ್ಟೆಯ ವಿಷಯದಲ್ಲಿ ಹಸಿವನ್ನು ಕಾಯಬೇಡಿ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಜೋರಾಗಿ ತುಳಿದರೆ ಒಂದೂವರೆ-ಎರಡು ಗಂಟೆಯಲ್ಲೇ ಬರಿದಾಗುತ್ತಾ ಬರುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಅದರ ಮೇಲೆ ಲೆಕ್ಕ ಹಾಕಿಕೊಳ್ಳಿ. ಮೊದಲ ಗಂಟೆಯಿಂದಲೇ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ತಿನ್ನಿ. ರಾತ್ರಿ ಜೀರ್ಣ ನಿಧಾನ, ಎಣ್ಣೆ ಜಿಡ್ಡಿನದು ಹೊಟ್ಟೆಯಲ್ಲೇ ಕೂತುಬಿಡುತ್ತದೆ. ಮೂರು ಗಂಟೆಯ ಮೇಲೆ ಏನೂ ಬೇಡ ಅನ್ನಿಸುತ್ತದೆ, ಸಿಹಿ ಕಂಡರೆ ವಾಕರಿಕೆ ಬರುತ್ತದೆ. ಆಗಲೂ ಎರಡು ತುತ್ತು ಒಳಗೆ ಹೋಗಲಿ. ಅದಕ್ಕಾಗಿ ಉಪ್ಪು ರುಚಿಯದ್ದು ಏನಾದರೂ ಇಟ್ಟುಕೊಂಡಿರಿ. ನೀರು ಗಂಟೆಗೆ ಅರ್ಧ ಲೀಟರ್ ಆಸುಪಾಸು. ತಂಪಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಹೆದರಿ ಬರೀ ನೀರನ್ನೇ ವಿಪರೀತ ಕುಡಿಯುವುದೂ ಒಳ್ಳೆಯದಲ್ಲ. ದಾರಿಯಲ್ಲಿ ಅಂಗಡಿ ತೆರೆದಿರುತ್ತದೆ ಅನ್ನುವ ನಂಬಿಕೆಯ ಮೇಲೆ ಹೊರಡಬೇಡಿ.

ಸೈಕಲ್ಲಿಗೆ ಹೊಸದೇನೂ ಹಾಕಿಸಬೇಡಿ. ಹೊಸ ಸೀಟು, ಹೊಸ ಶೂ ಎಲ್ಲ ಆಮೇಲೆ. ಬ್ರೇಕ್ ಪ್ಯಾಡ್, ಟೈರ್, ಚೈನ್ ಒಂದು ವಾರ ಮುಂಚೆ ನೋಡಿಸಿ. ಎರಡು ಟ್ಯೂಬು, ಪ್ಯಾಚು, ಟೈರ್ ಲಿವರ್, ಪಂಪು, ಚೈನ್ ಜೋಡಿಸುವ ಕೊಂಡಿ, ಸಣ್ಣ ಟೂಲ್ ನಿಮ್ಮ ಬ್ಯಾಗಿನಲ್ಲೇ ಇರಲಿ. ಮನೆಯಲ್ಲಿ ಒಂದು ಸಲ ದೀಪ ಆರಿಸಿ, ತಲೆಯ ಲೈಟಿನ ಬೆಳಕಲ್ಲಿ ಟ್ಯೂಬ್ ಬದಲಿಸಿ ನೋಡಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈ ಮೇಲೆ ಬೆರಳಾಡಿಸಿ ಮುಳ್ಳನ್ನೋ ಗಾಜಿನ ಚೂರನ್ನೋ ಹುಡುಕಬೇಕಲ್ಲ, ಕತ್ತಲಲ್ಲಿ ಅವಸರಕ್ಕೆ ಬಿಟ್ಟುಹೋಗುವುದು ಅದೇ. ಹತ್ತು ನಿಮಿಷದಲ್ಲಿ ಅದೇ ಟೈರು ಮತ್ತೆ ಪಂಕ್ಚರ್.

ಕೊನೆಯದಾಗಿ ಗುಂಪು. ಹೊರಡುವ ಮುಂಚೆ ಎಲ್ಲರೂ ಹದಿನೈದು ನಿಮಿಷ ಕೂತು ಮಾತಾಡಿ. ವೇಗ ಯಾರದು? ಅತಿ ನಿಧಾನ ಇರುವವರದು. ಇದನ್ನು ಜೋರಾಗಿ, ಎಲ್ಲರ ಮುಂದೆ ಹೇಳಿ. ಇಲ್ಲದಿದ್ದರೆ ನಿಧಾನ ಇರುವವರು ಸಂಕೋಚಕ್ಕೆ ಮೊದಲ ಐವತ್ತು ಕಿಲೋಮೀಟರ್ ಏದುಸಿರು ಬಿಟ್ಟುಕೊಂಡು ತುಳಿದು, ನಡುರಾತ್ರಿಗೆ ಕುಸಿಯುತ್ತಾರೆ. ದಾರಿ ಚೆನ್ನಾಗಿ ಗೊತ್ತಿರುವವರು ಮುಂದೆ. ತಾಳ್ಮೆ ಇರುವ, ರಿಪೇರಿ ಬರುವ ಒಬ್ಬರು ಕೊನೆಗೆ, ಅವರ ಹಿಂದೆ ಯಾರೂ ಇರಕೂಡದು. ಹತ್ತಕ್ಕಿಂತ ಜಾಸ್ತಿ ಜನ ಇದ್ದರೆ ಎರಡು ಗುಂಪು ಮಾಡಿ. ಪ್ರತಿ ತಿರುವಿನಲ್ಲೂ ಹಿಂದಿನವರು ಕಾಣುವ ತನಕ ಮುಂದಿನವರು ನಿಲ್ಲಬೇಕು. ನಿಂತಾಗೆಲ್ಲ ತಲೆ ಎಣಿಸಬೇಕು. ನಿಲ್ಲುವುದು ರಸ್ತೆಯಿಂದ ಪೂರ್ತಿ ಕೆಳಗಿಳಿದು, ಹಿಂದಿನ ಲೈಟ್ ಆರಿಸದೆ.

ಹಗಲಿನ ಕೈ ಸನ್ನೆ ರಾತ್ರಿ ಕಾಣುವುದಿಲ್ಲ. ಬಾಯಲ್ಲೇ ಹೇಳಬೇಕು: "ಎಡಕ್ಕೆ ಗುಂಡಿ", "ಮರಳು", "ಹಿಂದೆ ಗಾಡಿ", "ನಿಲ್ತಾ ಇದೀನಿ". ಒಬ್ಬರು ಕೂಗಿದ್ದನ್ನು ಮುಂದಿನವರೋ ಹಿಂದಿನವರೋ ಮತ್ತೆ ಕೂಗಿ ದಾಟಿಸಬೇಕು. ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಡೆದು ಶ್ರಮ ಉಳಿಯುತ್ತದೆ, ನಿಜ. ಆದರೆ ಆ ಲಾಭ ದೊಡ್ಡದಾಗಿ ಸಿಗುವುದು ವೇಗದಲ್ಲಿ. ನಿಮ್ಮ ವೇಗಕ್ಕೆ, ಕತ್ತಲಲ್ಲಿ, ಒಂದೆರಡು ಸೈಕಲ್ಲಿನಷ್ಟು ಅಂತರ ಬಿಡುವುದೇ ಮೇಲು. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಎಂದೂ ಬರಬಾರದು.

ನಿಲುಗಡೆಗಳು ಹತ್ತು ನಿಮಿಷದವಾಗಿರಲಿ, ಮೈ ಆರುವ ಮುಂಚೆ ಹೊರಟುಬಿಡಿ. ಉದ್ದದ ಒಂದು ನಿಲುಗಡೆಯನ್ನು ಮಾತ್ರ ಎರಡೂವರೆ-ಮೂರು ಗಂಟೆಯ ಹೊತ್ತಿಗೆ, ಗಾಳಿ ತಾಗದ, ಬೆಳಕಿರುವ ಜಾಗ ನೋಡಿ ಮೊದಲೇ ಗೊತ್ತು ಮಾಡಿಡಿ. ಊಟ, ಕೋಳಿನಿದ್ದೆ, ಬನಿಯನ್ ಬದಲಿಸುವುದು, ಲೈಟ್ ಬದಲಿಸುವುದು, ಎಲ್ಲ ಅಲ್ಲೇ. ಮುಂದಿನ ಎರಡು ಗಂಟೆಗೆ ಅದೇ ಆಸರೆ. ಯಾರಾದರೂ ಇನ್ನು ಆಗಲ್ಲ ಅಂದರೆ ಅವರನ್ನು ಕರೆದುಕೊಂಡು ಹೋಗುವುದು ಹೇಗೆ, ಜೊತೆಗೆ ಯಾರು ಉಳಿಯುತ್ತಾರೆ ಅನ್ನುವುದೂ ಮುಂಚೆಯೇ ತೀರ್ಮಾನ ಆಗಿರಲಿ. ನಾಲ್ಕು ಗಂಟೆಗೆ ಯಾರ ತಲೆಯೂ ಓಡುವುದಿಲ್ಲ. ದಾರಿಯ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವ ಹಾಗೆ ಕನಿಷ್ಠ ಇಬ್ಬರ ಫೋನಿನಲ್ಲಿ ಇಳಿಸಿಕೊಳ್ಳಿ. ಮನೆಯವರ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

ಮನೆಗೆ ವಾಪಸ್ ಬರುವುದು ಹೇಗೆ ಅಂತ ನೀವು ಕೇಳಿಲ್ಲ. ಅದನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ. ಬೆಳಕು ಹರಿದ ಮೇಲೆ ಒಂದು ಹುರುಪು ಬರುತ್ತದೆ, ಸುಸ್ತೆಲ್ಲ ಹೋಯಿತು ಅನ್ನಿಸುತ್ತದೆ. ಒಂದೆರಡು ಗಂಟೆಯಲ್ಲಿ ಅದು ಇಳಿಯುತ್ತದೆ. ಆ ಹೊತ್ತಿಗೆ ನೀವು ಕಾರಿನ ಸ್ಟೀರಿಂಗ್ ಹಿಡಿದಿರಬಾರದು. ರಾತ್ರಿ ಚೆನ್ನಾಗಿ ಮಲಗಿ ಎದ್ದ ಯಾರಾದರೂ ಬಂದು ಕರೆದೊಯ್ಯಲಿ, ಇಲ್ಲದಿದ್ದರೆ ರೈಲೋ ಬಸ್ಸೋ ನೋಡಿಕೊಳ್ಳಿ. ಎರಡೂ ಆಗದಿದ್ದರೆ ಸವಾರಿ ಮುಗಿಯುವ ಜಾಗದಲ್ಲೇ ಮೂರು-ನಾಲ್ಕು ಗಂಟೆ ಮಲಗಿ, ಎದ್ದು ಮುಖ ತೊಳೆದು, ತಲೆ ತಿಳಿಯಾದ ಮೇಲೆ ಹೊರಡಿ.